ನಾಕಾರಾ ಸೈಕಲ್ಲಿನ ಮಳೆಗಾಲ

ಹೋದ ತಿಂಗಳು ಗಂಗಾವತಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಸೊಸೆ ಹಿತ್ತಿಲಲ್ಲಿ ಕುಳಿತು, ಬಹಳ ದಿನ ಬಳಸದೆ ಬಿಟ್ಟಿದ್ದ ರೊಟ್ಟಿ ಹಂಚಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಆಗಷ್ಟೇ ಆರಿಸಿದ ಸೀಮೆಎಣ್ಣೆಯ ಸ್ಟೋವ್ ಇತ್ತು. ಹುಳಿ, ತುಕ್ಕು, ಸೀಮೆಎಣ್ಣೆ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಲಡಾಯಿ, ಅಂದರೆ ಎರಡನೆಯ ಮಹಾಯುದ್ಧ, ನಡೆದಿದ್ದ ಕಾಲದ ಒಂದು ಇಡೀ ಮಳೆಗಾಲ ನನ್ನ ಎರಡೂ ಕೈ ಇದೇ ವಾಸನೆ ಹೊಡೆಯುತ್ತಿದ್ದವು. ಎಷ್ಟು ಸಲ ಸಾಬೂನು ಹಚ್ಚಿ ತೊಳೆದರೂ ಹೋಗುತ್ತಿರಲಿಲ್ಲ.

ನಾನಾಗ ಇಪ್ಪತ್ತೆರಡರವಳು. ಹದಿನಾರಕ್ಕೇ ಗಂಡ ತೀರಿಕೊಂಡಿದ್ದ. ಯಲಬುರ್ಗಾದ ತವರುಮನೆಯ ಅಡುಗೆ ಕೋಣೆಯಲ್ಲಿ ಮೂರು ವರ್ಷ ಕಳೆದ ಮೇಲೆ ಅಣ್ಣ ಮನಸ್ಸು ಗಟ್ಟಿ ಮಾಡಿ ನನ್ನನ್ನು ಗದಗಿನ ಕಡೆ ಹೆರಿಗೆ ಕೆಲಸ ಕಲಿಯಲು ಕಳಿಸಿದ. ಅಲ್ಲಿನ ದವಾಖಾನೆಯ ಅಂಗಳದಲ್ಲಿ ಜೊತೆಯ ನರ್ಸೊಬ್ಬಳು ನನಗೆ ಸೈಕಲ್ ತುಳಿಯುವುದನ್ನೂ ಕಲಿಸಿದಳು. ಆಟಕ್ಕೆಂದು ಕಲಿತದ್ದು, ಮುಂದೆ ಉಪಯೋಗಕ್ಕೆ ಬಂದೀತೆಂದು ಇಬ್ಬರೂ ತಿಳಿದಿರಲಿಲ್ಲ. ಕಲಿತು ಮುಗಿದ ಮೇಲೆ ನಿಜಾಮರ ಸೀಮೆಯಲ್ಲಿ, ಕುಷ್ಟಗಿ ಕಡೆಯ ಒಂದು ದೊಡ್ಡ ಹಳ್ಳಿಯ ದವಾಖಾನೆಯಲ್ಲಿ ನೌಕರಿಯಾಯಿತು. ಊರಿನ ಹೆಸರು ಬರೆಯುವುದಿಲ್ಲ. ನಾನು ಯಾರ ಜೊತೆ ಜಗಳವಾಡಿದೆನೋ ಅವರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ಒಳ್ಳೆಯವರೂ ಹೌದು.

ದವಾಖಾನೆಯಲ್ಲಿ ಇದ್ದವರು ಮೂವರೇ. ಹೈದರಾಬಾದಿನಿಂದ ಬಂದ ಡಾಕ್ಟರ್ ಸಾಹೇಬರು, ಔಷಧ ಕಟ್ಟಿಕೊಡುವ ಕಂಪೌಂಡರ್ ಶಾಂತಪ್ಪ, ಲೆಕ್ಕಪತ್ರ ನೋಡುವ ಮುನ್ಷಿ. ನಾನು ನಾಲ್ಕನೆಯವಳು. ಸುತ್ತಲಿನ ಹತ್ತು ಹನ್ನೆರಡು ಹಳ್ಳಿಗಳ ಹೆರಿಗೆ ನನ್ನ ಪಾಲಿಗೆ ಬಂತು. ಹೋಗಲು ಆಯಾ ಹಳ್ಳಿಯವರೇ ಬಂಡಿ ತರಬೇಕು. ಬೇಸಿಗೆಯಲ್ಲಿ ಅದು ಹೇಗೋ ನಡೆಯಿತು.

ಮೃಗಶಿರ ಮಳೆ ಹದವಾಗಿ ಬಿತ್ತು. ಎಲ್ಲ ಎತ್ತುಗಳೂ ಕೂರಿಗೆಗೆ ಹೋದವು. ಒಂದು ದಿನ ಹೊತ್ತು ಹುಟ್ಟುವಾಗಲೇ ಎರಡು ಹರದಾರಿ ದೂರದ ಹಳ್ಳಿಯಿಂದ ಒಬ್ಬ ಓಡಿ ಬಂದ. ಅವನ ತಂಗಿಗೆ ಹಿಂದಿನ ದಿನದಿಂದ ಬೇನೆ. "ಬಂಡಿ ಹಿಂದ ಬರಾಕತ್ತೈತ್ರಿ ಬಾಯಿ, ನೀವು ತಯಾರಾಗ್ರಿ" ಅಂದ. ದವಾಖಾನೆಯ ನರ್ಸನ್ನು ಆ ಸೀಮೆಯವರು ಬಾಯಿ ಎಂದೇ ಕರೆಯುತ್ತಿದ್ದರು. ಪೆಟ್ಟಿಗೆ ಹಿಡಿದು ಕಟ್ಟೆಯ ಮೇಲೆ ಕುಳಿತೆ. ಬಂಡಿ ಬಂದದ್ದು ಮಧ್ಯಾಹ್ನ ಇಳಿದ ಮೇಲೆ. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಎತ್ತುಗಳು ಹೆಜ್ಜೆ ಕಿತ್ತಿಡಲಾರದೆ ನಿಲ್ಲುತ್ತಿದ್ದವು. ನಾವು ಮನೆ ಮುಟ್ಟಿದಾಗ ಅಂಗಳದಲ್ಲಿ ಹೆಂಗಸರು ಗೋಡೆಗೆ ಒರಗಿ ಕುಳಿತಿದ್ದರು. ಆಗಲೇ ಎಲ್ಲ ಮುಗಿದಿತ್ತು. ಸತ್ತವಳ ತಾಯಿ ಯಲ್ಲವ್ವ ಎದ್ದು ಬಂದು ನನ್ನ ಕೈಯ ಪೆಟ್ಟಿಗೆ ನೋಡಿದಳು.

"ಈಗ ಬಂದಿಯೇನವ್ವಾ" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ. ಮಗುವೂ ಉಳಿದಿರಲಿಲ್ಲ. ನಾನು ಆ ಬಂಡಿ ಹತ್ತದೆ ನಡೆದೇ ವಾಪಸು ಬಂದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದೆ. ಸೈಕಲ್ ಇದ್ದಿದ್ದರೆ ಬೆಳಗಿನ ರೊಟ್ಟಿಯ ಹೊತ್ತಿಗೆ ಅಲ್ಲಿರುತ್ತಿದ್ದೆ.

ಸೈಕಲ್ ಇತ್ತು. ಅದೇ ನನ್ನ ಹೊಟ್ಟೆ ಉರಿಸಿದ್ದು. ದವಾಖಾನೆಯ ಹಿಂದಿನ ಸಾಮಾನು ಕೋಣೆಯಲ್ಲಿ, ಸೋರುವ ಮಾಳಿಗೆಯ ಕೆಳಗೆ, ಮೊದಲಿದ್ದ ದೇವಿ ಡಾಕ್ಟರನ ಸೈಕಲ್ ಎರಡು ಮಳೆಗಾಲ ನೆನೆದು ನಿಂತಿತ್ತು. ಸಿಡುಬಿನ ಚುಚ್ಚುಮದ್ದು ಹಾಕಲು ಹಳ್ಳಿ ಹಳ್ಳಿ ತಿರುಗುತ್ತಿದ್ದ ಅವನು ತಾಳೆಮರದಂಥ ಆಳಂತೆ. ವರ್ಗವಾದಾಗ ಸೈಕಲ್ ಬಿಟ್ಟುಹೋಗಿದ್ದ. ಮಾರನೆಯ ದಿನ ಮುನ್ಷಿಯ ಮುಂದೆ ಹೋಗಿ ನಿಂತೆ.

"ಮುನ್ಷಿ ಸಾಹೇಬ್ರ, ಆ ಸೈಕಲ್ ನನಗ ಕೊಡ್ರಿ."

ಮುನ್ಷಿ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. ಕೆಟ್ಟವರಲ್ಲ ಅವರು. ಬರೆದದ್ದು ಬರೆದಂತೆಯೇ ಇರಬೇಕು ಎನ್ನುವ ಮನುಷ್ಯ, ಅಷ್ಟೇ. ದಫ್ತರ ತೆಗೆದು ಓದಿದರು: "ಸೈಕಲ್ ಒಂದು. ಜಂಗು ತಿಂದೈತಿ. ಸೀಟಿನ ಪೈಪು ಜಾಮ್ ಆಗೈತಿ, ಬರಂಗಿಲ್ಲ. ನಾಕಾರಾ." ಜಂಗು ಅಂದರೆ ತುಕ್ಕು, ನಾಕಾರಾ ಅಂದರೆ ಕೆಲಸಕ್ಕೆ ಬಾರದ್ದು ಅಂತ ಸರ್ಕಾರದ ಮಾತಿನಲ್ಲಿ ಅರ್ಥ. "ಪಂಚಮಿ ಆದ ಮ್ಯಾಲೆ ಲಿಲಾವು ಮಾಡ್ತೀವ್ರಿ. ಮತ್ತ ನೀವು ಹೆಣ್ಣುಮಕ್ಕಳು ಅದನ್ನ ತಗೊಂಡು ಏನ್ ಮಾಡ್ತೀರಿ? ಹತ್ತಿದ್ರ ಕಾಲ ನಿಲುಕಂಗಿಲ್ಲ."

ಒಳಗಿನಿಂದ ಡಾಕ್ಟರ್ ಸಾಹೇಬರಿಗೆ ಕೇಳಿಸಿತು. ಅವರ ಕನ್ನಡ ಅರ್ಧಮರ್ಧ. "ಲಿಲಾವ್ ತನಕ ಆ ಬಾಯಿ ಹತ್ರ ಇರ್ಲಿ ಮುನ್ಷಿ. ಚಲಾಯಿಸಿದ್ರೆ ಚಲಾಯಿಸ್ಲಿ, ಇಲ್ಲಾಂದ್ರೆ ಮಾರು" ಎಂದು ಹೇಳಿ ರೋಗಿಯ ನಾಲಗೆ ನೋಡಲು ತಿರುಗಿದರು. ಹರಾಜು ಪಂಚಮಿಯ ಮೇಲೆ; ನಾಗರ ಪಂಚಮಿಗೆ ಐದು ವಾರ ಉಳಿದಿತ್ತು.

ಸೈಕಲ್ಲನ್ನು ತಳ್ಳಲೂ ಆಗಲಿಲ್ಲ. ಗಾಲಿ ತಿರುಗದ ಅದನ್ನು ನಾನೂ ಶಾಂತಪ್ಪನೂ ಹೊತ್ತುಕೊಂಡೇ ನನ್ನ ಬಾಡಿಗೆ ಮನೆಯ ಅಂಗಳಕ್ಕೆ ತಂದೆವು. ಮನೆಯ ಯಜಮಾನಿ ಹುಸೇನಬಿ. ಊರೆಲ್ಲ ಆಕೆಯನ್ನು ಬೀಬಮ್ಮ ಎನ್ನುತ್ತಿತ್ತು. ಗಂಡ ಕಲಾಯಿ ಹಾಕುವವನಾಗಿದ್ದ. ಅವನು ಸತ್ತ ಮೇಲೆ ತಿದಿ, ಇದ್ದಿಲು, ನವಸಾಗರ ಎಲ್ಲವನ್ನೂ ತಾನೇ ಹಿಡಿದು ಊರಿನ ತಾಮ್ರ ಹಿತ್ತಾಳೆಗೆ ಬೆಳ್ಳಿ ಬಣ್ಣ ತರುತ್ತಿದ್ದಳು. ಹೆಂಗಸು ಕಲಾಯಿ ಹಾಕುವುದುಂಟೇ ಎಂದವರ ಪಾತ್ರೆಗಳನ್ನು ಆಕೆ ಎರಡು ವರ್ಷ ಮುಟ್ಟಿರಲಿಲ್ಲವಂತೆ. ಕೊನೆಗೆ ಅವರೇ ತಂದಿಟ್ಟರು.

ಸೈಕಲ್ಲಿನ ಸುತ್ತ ಎರಡು ಸುತ್ತು ಹಾಕಿ, ಹ್ಯಾಂಡಲ್ಲಿಗೆ ಉಗುರು ಹಾಕಿ ಕೆರೆದು ಬೀಬಮ್ಮ ಹೇಳಿದಳು: "ಇದು ಮ್ಯಾಲಿನ ಜಂಗು, ಬೇಟಿ. ಹೊಳಪು ಒಳಗ ಐತಿ. ಇಟ್ಟಂಗಿ ಪುಡಿ ಮಾತ್ರ ಹಚ್ಚಬ್ಯಾಡ, ಅದು ಕೊಡಕ್ಕ ಸರಿ. ಇದಕ್ಕ ಹಚ್ಚಿದ್ರ ಹೊಳಪೂ ಹೋಗ್ತೈತಿ."

ಕೊಬ್ಬರಿ ನಾರು, ಹುಣಸೆಹಣ್ಣು, ಜರಡಿ ಹಿಡಿದ ಕುಳ್ಳಿನ ಬೂದಿ. ದವಾಖಾನೆಯಿಂದ ಬಂದು ರೊಟ್ಟಿ ತಿಂದವಳೇ ಕುಳಿತುಬಿಡುತ್ತಿದ್ದೆ. ಮೊದಲ ಸಲ ಹ್ಯಾಂಡಲ್ಲಿಗೆ ದಪ್ಪವಾಗಿ ಹುಣಸೆ ಮೆತ್ತಿ, ಹೆಚ್ಚು ಹೊತ್ತು ಬಿಟ್ಟಷ್ಟೂ ಒಳ್ಳೆಯದೆಂದು ಬೆಳಗಿನವರೆಗೂ ಹಾಗೇ ಬಿಟ್ಟೆ. ಎದ್ದು ತೊಳೆದು ಬಿಸಿಲಿಗಿಟ್ಟು ದವಾಖಾನೆಗೆ ಹೋದೆ. ಬಂದು ನೋಡಿದರೆ ಮೊದಲಿಗಿಂತ ಕೆಂಪು. ಅಳು ಬಂತು. ಬೀಬಮ್ಮ ನಗಲಿಲ್ಲ. "ಹುಳಿ ಕೆಲಸ ಮಾಡಿದ ಕೂಡ್ಲೇ ಅದನ್ನ ಓಡಿಸ್ಬೇಕು. ತೊಳಿ, ಒಣ ಅರಿವಿಲೆ ವರಿಸು, ಆಗಿಂದಾಗ ಎಣ್ಣಿ ಹಚ್ಚು. ಬರಿಮೈಯಾಗ ಕಬ್ಬಿಣ ಒಂದು ಗಳಿಗಿ ಬಿಟ್ರೂ ಮತ್ತ ಜಂಗು ಹತ್ತೈತಿ" ಅಂದಳು.

ಆಮೇಲೆ ಹಾಗೇ ಮಾಡಿದೆ. ಅಂಗೈಯಗಲದಷ್ಟು ಜಾಗ ತೆಗೆದುಕೊಳ್ಳುವುದು, ತಿಕ್ಕುವುದು, ತೊಳೆಯುವುದು, ಒರೆಸುವುದು, ಎಣ್ಣೆ ಕೈಯಾಡಿಸುವುದು, ಮುಂದಿನ ಜಾಗಕ್ಕೆ ಹೋಗುವುದು. ರಿಮ್ಮಿನ ಮೇಲಿನ ಕಂದು ಕಲೆ ಹೋಯಿತು. ಗಂಟೆಯ ಮುಚ್ಚಳದಲ್ಲಿ ನನ್ನ ಮುಖ ಕಂಡಿತು. ಚೈನನ್ನು ಬಿಚ್ಚಿ ಮಣ್ಣಿನ ಬೋಗುಣಿಯಲ್ಲಿ ಸೀಮೆಎಣ್ಣೆ ಹಾಕಿ ನಾಲ್ಕು ದಿನ ನೆನೆಸಿಟ್ಟೆ. ಲಡಾಯಿಯ ದೆಸೆಯಿಂದ ಸೀಮೆಎಣ್ಣೆ ಅಳತೆಯ ಮೇಲೆ ಸಿಗುತ್ತಿತ್ತು. ನನ್ನ ಕಂದೀಲಿನ ಪಾಲು ಪೂರ್ತಿ ಸೈಕಲ್ಲಿಗೆ ಹೋಯಿತು. ನಾನು ಹೊತ್ತು ಮುಳುಗುತ್ತಲೇ ಉಂಡು ಮಲಗುತ್ತಿದ್ದೆ.

ಎಲ್ಲವೂ ಬಂತು, ಸೀಟಿನ ಪೈಪು ಬರಲಿಲ್ಲ. ಸೀಟನ್ನು ಹೊತ್ತ ಆ ಪೈಪು ಸೈಕಲ್ಲಿನ ದೊಡ್ಡ ಕೊಳವೆಯೊಳಗೆ ಇಳಿದಿರುತ್ತದೆ. ಬೋಲ್ಟು ಸಡಿಲಿಸಿದರೆ ಏರಿಸಬಹುದು, ಇಳಿಸಬಹುದು. ಇಲ್ಲಿ ಪೈಪೂ ಕೊಳವೆಯೂ ತುಕ್ಕಿನಲ್ಲಿ ಒಂದಾಗಿಬಿಟ್ಟಿದ್ದವು. ಸೀಟು ಆ ತಾಳೆಮರದವನ ಎತ್ತರಕ್ಕೇ ನಿಂತಿತ್ತು. ನಾನು ಗಿಡ್ಡಿ. ಹತ್ತಿ ಕುಳಿತರೆ ನನ್ನ ಕಾಲು ಪೆಡಲಿನಿಂದ ಗೇಣು ಮೇಲೆ ಜೋಲಾಡುತ್ತಿದ್ದವು. ಕಂಬಾರನ ಹತ್ತಿರ ಒಯ್ದೆ. ಅವನು ಸುತ್ತಿಗೆಯಿಂದ ಎರಡು ಸಲ ಬಡಿದು, "ಇದನ್ನ ಕತ್ತರಿಸೂದ ದಾರಿ. ಮ್ಯಾಲೆ ಸೀಟು ಕೂಡಂಗಿಲ್ಲ, ಒಂದು ಗೋಣಿ ಚೀಲ ಕಟ್ಟಿಕೊಳ್ರಿ" ಅಂದ. ಸುತ್ತ ನಿಂತ ಗಂಡಸರು ನಕ್ಕರು. ಮುನ್ಷಿಯೂ ಅತ್ತ ಬಂದವರು ಹೇಳಿದರು, "ನಾ ಮೊದಲ ಹೇಳಿದ್ನಲ್ರಿ ಬಾಯಿ. ಬರಂಗಿಲ್ಲದ್ದು ಬರಂಗಿಲ್ಲ."

ಸೈಕಲ್ಲನ್ನು ಮನೆಗೆ ತಳ್ಳಿಕೊಂಡು ಬಂದೆ. ಆ ನಗು ಬೆನ್ನಿಗೆ ಅಂಟಿಕೊಂಡೇ ಬಂತು. ಆ ಸೀಟನ್ನು ಇಳಿಸದೆ ಈ ಊರಲ್ಲಿ ಇರುವುದಿಲ್ಲ, ಇಳಿಸದೆ ಈ ಊರು ಬಿಟ್ಟೂ ಹೋಗುವುದಿಲ್ಲ ಎಂದು ಬೀಬಮ್ಮನ ಮುಂದೆ ಹೇಳಿದೆ. "ಹಂಗಾರ ಕೂಡು. ಅವಸರ ಮಾಡಿದವ್ರಿಗೆ ಲೋಹ ಮಾತು ಕೇಳಂಗಿಲ್ಲ" ಅಂದಳು.

ಬೋಲ್ಟನ್ನು ಪೂರ್ತಿ ತೆಗೆದಿಟ್ಟೆವು. ಪೈಪು ಕೊಳವೆ ಸೇರುವ ಗೆರೆಗೆ ದಿನಾ ಬೆಳಿಗ್ಗೆ ಸಂಜೆ ಕೋಳಿಪುಕ್ಕದಿಂದ ಸೀಮೆಎಣ್ಣೆ ಬಿಟ್ಟೆವು. ಮೇಲಿನಿಂದ ಮಾತ್ರ ಬಿಟ್ಟರೆ ಒಳಗಿನ ತುದಿಗೆ ಮುಟ್ಟುವುದಿಲ್ಲವೆಂದು ನನಗೆ ಅನುಮಾನ. ಪೆಡಲು ತಿರುಗುವ ಗುಂಬದಲ್ಲಿ ಎಣ್ಣೆ ಬಿಡಲು ಮುಚ್ಚಳವಿದ್ದ ಒಂದು ಸಣ್ಣ ತೂತಿತ್ತು. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ದವಾಖಾನೆಯ ಒಂದು ಹಳೆಯ ಪಿಚಕಾರಿಯಿಂದ ಆ ತೂತಿಗೆ ಎಣ್ಣೆ ಬಿಟ್ಟೆ. ಅದು ಕೊಳವೆಯೊಳಗೆ ಹರಿದು ಪೈಪಿನ ತಳಕ್ಕೆ ಹೋಗಿ ನಿಂತಿತು. ಹೀಗೆ ಒಂದು ವಾರ. ನಡುವೆ ಮರದ ಕೊಡತಿಯಿಂದ ಮೆಲ್ಲಗೆ ಸುತ್ತಲೂ ತಟ್ಟುವುದು. ಎಂಟನೆಯ ದಿನ ಮೇಲಿನ ಗೆರೆಯಲ್ಲಿ ಕೆಂಪು ರಸ ಒಸರಿದಾಗ ಬೀಬಮ್ಮ ಬೆರಳಲ್ಲಿ ಮುಟ್ಟಿ ನೋಡಿ, "ದಾರಿ ಸಿಕ್ಕೈತಿ" ಅಂದಳು.

ಸಂತೆಯ ದಿನ ತಿದಿ ಹೂಡಿದೆವು. ಹಿಂದಿನ ದಿನವೇ ಎಣ್ಣೆಯನ್ನೆಲ್ಲ ಬಸಿದು ಒರೆಸಿದ್ದೆವು. ಮೇಲಿನ ಪೈಪಿಗೆ ಒದ್ದೆ ಗೋಣಿ ಸುತ್ತಿ ತಣ್ಣಗಿಡಬೇಕು, ಹೊರಗಿನ ಕೊಳವೆಯನ್ನು ಮಾತ್ರ ಇದ್ದಿಲ ಕಾವಿಗೆ ಹಿಡಿದು ಹೊರಳಿಸಬೇಕು. ಕಾದದ್ದು ಹಿಗ್ಗುತ್ತದೆ, ತಣ್ಣಗಿದ್ದದ್ದು ಹಿಗ್ಗುವುದಿಲ್ಲ, ನಡುವೆ ಕೂದಲೆಳೆಯಷ್ಟು ಜಾಗವಾಗುತ್ತದೆ. ಕಲಾಯಿಯವರಿಗೆ ಇದು ಕೈಗೆ ಗೊತ್ತು. ಉಳಿದಿದ್ದ ಎಣ್ಣೆಗೆ ಒಮ್ಮೆ ಭಗ್ಗನೆ ಬೆಂಕಿ ಹತ್ತಿತು. ಬೀಬಮ್ಮ ಇನ್ನೊಂದು ಒದ್ದೆ ಗೋಣಿ ಎಳೆದು ಮುಚ್ಚಿದಳು. ನನ್ನ ಅಂಗೈ ಸುಟ್ಟಿತು. ಕೊಳವೆಯ ಬಣ್ಣ ಗುಳ್ಳೆಯೆದ್ದು ಉದುರಿತು. ಬಿಡಲಿಲ್ಲ. ಸೈಕಲ್ಲನ್ನು ಪಡಸಾಲೆಯ ಕಂಬಕ್ಕೆ ಹಗ್ಗದಿಂದ ಬಿಗಿದು, ಮೊಣಕೈಯಂತೆ ಹಿಂದಕ್ಕೆ ಬಾಗಿದ್ದ ಪೈಪಿನ ಮೇಲ್ತುದಿಗೆ ಒನಕೆ ಕಟ್ಟಿ, ಇಬ್ಬರೂ ಎರಡು ಕಡೆ ನಿಂತು ತಿರುವಿದೆವು. ಅಲುಗಲಿಲ್ಲ.

ಅಂಗಳದ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಯಲ್ಲವ್ವ. ಸಂತೆಗೆ ಬಂದವಳು ತಲೆಯ ಮೇಲೆ ಖಾಲಿ ಬುಟ್ಟಿ ಹೊತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಸಂತಿಯಾಗ ಕೇಳಿದೆ, ನೀ ಏನೋ ಕಬ್ಬಿಣ ತಿಕ್ಕಾಕತ್ತೀ ಅಂತ" ಅಂದಳು. "ಇದು ಇಳದ್ರ ಹೊತ್ತಿಗೆ ಸರಿಯಾಗಿ ಹೋಗ್ತಿಯೇನು?"

"ಹೋಗ್ತೀನವ್ವಾ."

"ಬಂಡಿ ದಾರಿ ಕಾಯಂಗಿಲ್ಲಲ?"

"ಇಲ್ಲ."

ಬುಟ್ಟಿ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಆಕೆ ನನ್ನ ಪಕ್ಕದಲ್ಲಿ ಒನಕೆಗೆ ಕೈ ಹಾಕಿದಳು. ಬೀಬಮ್ಮ ಮತ್ತೊಮ್ಮೆ ಕಾವು ಕೊಟ್ಟಳು. ಮೂವರೂ ಉಸಿರು ಬಿಗಿಹಿಡಿದು ಒತ್ತಿದೆವು. ಎಲುಬು ಮುರಿದಂಥ ಒಂದು ಸದ್ದು ಬಂತು. ಕಂಬವೇ ಸೀಳಿತೆಂದುಕೊಂಡೆ. ಪೈಪು ಎಳ್ಳುಕಾಳಿನಷ್ಟು ತಿರುಗಿತ್ತು. ಈ ಕಡೆ ಎಳ್ಳಷ್ಟು, ಆ ಕಡೆ ಎಳ್ಳಷ್ಟು, ಮತ್ತೆ ಎಣ್ಣೆ, ಮತ್ತೆ ತಿರುವು. ಹೊತ್ತು ಇಳಿಯುವಷ್ಟರಲ್ಲಿ ಅದು ಕೆಂಪು ಹುಡಿ ಸುರಿಸುತ್ತ ಪೂರ್ತಿ ಹೊರಗೆ ಬಂತು. ಯಲ್ಲವ್ವ ಕೈಗೆ ಹತ್ತಿದ ತುಕ್ಕನ್ನು ನೋಡಿಕೊಂಡಳು. ಅತ್ತಳು. ಆ ಮನೆಯಲ್ಲಿ ಅಂದು ಅಳದಿದ್ದ ನಾನೂ ಅತ್ತೆ. ಬೀಬಮ್ಮ ನಮ್ಮಿಬ್ಬರಿಗೂ ಕೈ ತೊಳೆಯಲು ನೀರು ಹಾಕಿದಳು.

ಪೈಪನ್ನು ಬೂದಿಯಿಂದ ತಿಕ್ಕಿ, ಕೋಲಿಗೆ ಅರಿವೆ ಸುತ್ತಿ ಕೊಳವೆಯ ಒಳಗನ್ನೂ ತಿಕ್ಕಿದೆ. ಶೇಂಗಾ ಎಣ್ಣೆ ಹಚ್ಚಲು ಹೋದಾಗ ಬೀಬಮ್ಮ ತಡೆದಳು. ತಿನ್ನುವ ಎಣ್ಣೆ ದಿನ ಕಳೆದಂತೆ ಒಣಗಿ ಅಂಟಾಗುತ್ತದೆ, ಅದೇ ಮತ್ತೆ ಹಿಡಿದುಕೊಳ್ಳುತ್ತದೆ. ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ತರಿಸಿ ಪೈಪಿಗೆಲ್ಲ ತೆಳ್ಳಗೆ ಸವರಿದೆವು. ಮಳೆ ನೀರು ಇಳಿಯದಂತೆ ಹಳೆಯ ಟ್ಯೂಬಿನ ಒಂದು ತುಂಡನ್ನು ಸೇರುವ ಜಾಗಕ್ಕೆ ಉಂಗುರದಂತೆ ತೊಡಿಸಿದೆ. "ಅಮಾಸಿಗೊಮ್ಮೆ ಹೊರಗ ತಗಿ, ವರಿಸು, ಹೊಸಾದು ಹಚ್ಚು, ಮತ್ತ ಹಾಕು. ಛಲೋ ಐತಿ ಅಂತ ಬಿಟ್ಟಿ ಅಂದ್ರ ಒಳಗಿಂದೊಳಗ ಹಿಡಿತೈತಿ" ಎಂದು ಬೀಬಮ್ಮ ನನ್ನಿಂದ ಮಾತು ತೆಗೆದುಕೊಂಡಳು. ನನ್ನ ಕಾಲಿಗೆ ಸರಿಯಾದ ಎತ್ತರಕ್ಕೆ ಸೀಟು ಇಳಿಸಿ, ಪೈಪಿನ ಮೇಲೆ ಅರದಿಂದ ಒಂದು ಗೀರು ಹಾಕಿಕೊಂಡೆ.

ಪಂಚಮಿಯ ಹಿಂದಿನ ದಿನ, ಹೊಲದಲ್ಲಿ ಕಳೆ ತೆಗೆಯುವ ಹೆಂಗಸರಂತೆ ಸೀರೆಯನ್ನು ಕಚ್ಚೆ ಕಟ್ಟಿ, ಊರ ನಡುವಿನ ದಾರಿಯಲ್ಲೇ ದವಾಖಾನೆಗೆ ಸೈಕಲ್ ಮೇಲೆ ಹೋದೆ. ಹಿಂದಿನ ಓಣಿಯಿಂದ ಹೋಗಬಹುದಿತ್ತು, ಹೋಗಲಿಲ್ಲ. ಕಟ್ಟೆಯ ಮೇಲಿನ ಗಂಡಸರು ಎದ್ದು ನಿಂತು ನೋಡಿದರು. ಯಾರೋ ಹಿಂದಿನಿಂದ ಕೂಗಿದರು. ನಾನು ಗಂಟೆ ಬಾರಿಸಿದೆ. ಡಾಕ್ಟರ್ ಸಾಹೇಬರು ಹೊರಗೆ ಬಂದು ನೋಡಿ, "ಶಾಬಾಶ್" ಅಂದರು. ಲಿಲಾವು ನಿಂತಿತು.

ಆದರೆ ವಾರದೊಳಗೆ ಮುನ್ಷಿ ನನ್ನನ್ನು ಕರೆಸಿದರು. "ಸೈಕಲ್ ಈಗ ಛಲೋ ಆತಲ್ರಿ. ಅದನ್ನ ಕಂಪೌಂಡರ್ ಹೆಸರಿಗೆ ಬರ್ದೀನಿ. ಸರಕಾರಿ ಸಾಮಾನು ಗಂಡಸ್ರ ಕೈಯಾಗ ಇರೂದು ಛಲೋ. ಊರಾಗೂ ನಾಕು ಮಂದಿ ಮಾತಾಡಾಕತ್ತ್ಯಾರ."

ನಾನು ಡಾಕ್ಟರ್ ಸಾಹೇಬರ ಕಡೆ ನೋಡಿದೆ. ಅವರು ಕಾಗದದಲ್ಲಿ ತಲೆ ಹುದುಗಿಸಿ, "ಲಿಖಾಪಡಿ ಎಲ್ಲ ಮುನ್ಷಿ ನೋಡ್ತಾನೆ" ಎಂದು ಜಾರಿಕೊಂಡರು. ಶಾಂತಪ್ಪ ನೆಲ ನೋಡುತ್ತ ನಿಂತಿದ್ದ. ಅವನ ಮನೆ ದವಾಖಾನೆಯಿಂದ ಮೂರನೆಯ ಓಣಿ. ಸೈಕಲ್ಲನ್ನು ಅವನು ಕೇಳಿರಲೂ ಇಲ್ಲ.

"ಆತ್ರಿ. ಇಲ್ಲೇ ಪಡಸಾಲಿಯಾಗ ನಿಲ್ಲಿಸಿ ಹೋಗ್ತೀನಿ" ಅಂದೆ. ನಿಲ್ಲಿಸಿದೆ. ಸೆರಗಿನಿಂದ ಪಾನಾ ತೆಗೆದು ಬೋಲ್ಟು ಸಡಿಲಿಸಿದೆ. ಒಂದೇ ಕೈಯಲ್ಲಿ, ಬತ್ತಳಿಕೆಯಿಂದ ಬಾಣ ತೆಗೆದ ಹಾಗೆ, ಪೈಪನ್ನು ಸೀಟಿನೊಡನೆ ಮೇಲಕ್ಕೆಳೆದು ಅರಿವೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

ಮುನ್ಷಿ ಎದ್ದು ನಿಂತರು. "ಸೀಟು ಎಲ್ಲಿಗೆ ಒಯ್ಯಾಕತ್ತೀರಿ?"

"ನಿಮ್ಮ ದಫ್ತರದಾಗ ಏನಂತ ಬರ್ದೀರಿ, ಓದ್ರಿ. ಸೀಟಿನ ಪೈಪು ಬರಂಗಿಲ್ಲ, ನಾಕಾರಾ. ಬರಂಗಿಲ್ಲದ್ದು ಬಂದೈತಿ. ಸರಕಾರ ಬ್ಯಾಡ ಅಂದದ್ದನ್ನ ನಾ ಇಟ್ಕೊಂಡೀನಿ. ಉಳಿದದ್ದು ನಿಮ್ದು."

ಸೀಟಿಲ್ಲದ ಸೈಕಲ್ ಪಡಸಾಲೆಯಲ್ಲಿ ನಿಂತಿತು. ಬಂದ ರೋಗಿಗಳೆಲ್ಲ ನೋಡಿದರು, ಹಳ್ಳಿಗೆ ಹೋಗಿ ಹೇಳಿದರು. ಹೊಸ ಪೈಪು ಆ ಕಾಲದಲ್ಲಿ ಕೊಪ್ಪಳದಲ್ಲೂ ಸಿಗುತ್ತಿರಲಿಲ್ಲ. ಮುನ್ಷಿ ಬಡಿಗನಿಂದ ಜಾಲಿ ಕಟ್ಟಿಗೆಯ ಒಂದು ಗೂಟ ಮಾಡಿಸಿ ಮೇಲೆ ಹಲಗೆ ಹೊಡೆಸಿದರು. ಶಾಂತಪ್ಪ ಅದರ ಮೇಲೆ ಕುಳಿತು ಬಾವಿಯವರೆಗೆ ಹೋದ. ಅಲ್ಲಿ ಗೂಟ ಲಟಕ್ಕೆಂದಿತು. ಅವನು ಕುಂಟುತ್ತ ಬಂದು, "ನನಗ ಇದರ ಗರಜ ಇಲ್ರಿ. ಕೆಲಸಕ್ಕ ಬೇಕಾದವ್ರಿಗೆ ಕೊಟ್ಟಬಿಡ್ರಿ" ಎಂದು ಎಲ್ಲರ ಮುಂದೆಯೇ ಹೇಳಿ ಔಷಧ ಕಟ್ಟಲು ಕುಳಿತ. ಅವನ ಬಗ್ಗೆ ನನಗೆ ಅಂದಿನಿಂದ ಗೌರವ.

ಮರುದಿನವೇ ದೋಟಿಹಾಳದ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಚೊಚ್ಚಲ ಬಸುರಿ, ಮಗುವಿನ ಕಾಲು ಮೊದಲು ಕಾಣುತ್ತಿದೆ. ಮನೆಗೆ ಓಡಿದೆ. ಪೆಟ್ಟಿಗೆ, ಸೀಟು ಎರಡನ್ನೂ ತಂದೆ. ಪೈಪನ್ನು ಇಳಿಸಿ, ಗೀರಿಗೆ ಸರಿಯಾಗಿ ನಿಲ್ಲಿಸಿ ಬೋಲ್ಟು ಬಿಗಿಯುತ್ತಿದ್ದಾಗ ಮುನ್ಷಿ ಬಾಗಿಲಿಗೆ ಅಡ್ಡ ಬಂದರು.

"ದಸ್ತಖತ್ ಇಲ್ದ ಮುಟ್ಟಂಗಿಲ್ರಿ ಬಾಯಿ. ನಾ ರಾಯಚೂರಿನ ಜಿಲ್ಲಾ ಕಚೇರಿಗೆ ಬರೀಬೇಕಾಗ್ತೈತಿ."

"ಬರೀರಿ. ನಾ ಎಷ್ಟೊತ್ತಿಗೆ ಹೊಂಟೆ ಅಂತನೂ ಬರೀರಿ, ನೀವು ಎಷ್ಟೊತ್ತು ತಡದ್ರಿ ಅಂತನೂ ಬರೀರಿ. ಆ ಹೆಣ್ಣುಮಗಳು ಸತ್ರ ಕೇಳಾಕ ಬಂದವ್ರಿಗೆ ಅದ ಕಾಗದ ತೋರಿಸಿದ್ರಾತು."

ಅವರು ಸರಿದು ನಿಂತರು. ಆ ದಾರಿಯ ಅರ್ಧ ಸೈಕಲ್ ನನ್ನನ್ನು ಹೊತ್ತಿತು, ಎರೆ ನೆಲ ಬಂದಲ್ಲಿ ನಾನು ಸೈಕಲ್ಲನ್ನು ಹೊತ್ತೆ. ಹಳ್ಳ ದಾಟುವಾಗ ನೀರು ಸೊಂಟಕ್ಕೆ ಬಂತು. ಹೊತ್ತಿಗೆ ಸರಿಯಾಗಿ ಮುಟ್ಟಿದೆ. ತಾಯಿಯೂ ಉಳಿದಳು, ಮಗಳೂ ಉಳಿದಳು. ಬಂದು ಮಾಡಿದ ಮೊದಲ ಕೆಲಸ, ಸೈಕಲ್ಲಿನ ಮಣ್ಣು ತೊಳೆದು, ಒರೆಸಿ, ಎಣ್ಣೆ ಕೈಯಾಡಿಸಿ ಪಡಸಾಲೆಯಲ್ಲಿ ನಿಲ್ಲಿಸಿದ್ದು. ಎರಡನೆಯದು, ಸೀಟು ಕಿತ್ತುಕೊಂಡು ಮನೆಗೆ ಹೋದದ್ದು.

ದಸರೆಯವರೆಗೂ ಹೀಗೇ ನಡೆಯಿತು. ಕರೆ ಬಂದಾಗ ಸೀಟು ಹಾಕುವುದು, ಬಂದ ಮೇಲೆ ತೆಗೆಯುವುದು. ಇಷ್ಟು ಸಲ ಹೊರಗೆ ಬಂದು ಒಳಗೆ ಹೋದ ಪೈಪಿಗೆ ತುಕ್ಕು ಹಿಡಿಯಲು ಪುರಸೊತ್ತೇ ಸಿಗಲಿಲ್ಲ ಎಂದು ಬೀಬಮ್ಮ ನಗುತ್ತಿದ್ದಳು. ಮುನ್ಷಿ ಪ್ರತಿ ಸಲವೂ ಬರೆದರು. ರಾಯಚೂರಿನಿಂದ ಏನು ಉತ್ತರ ಬಂತೋ ನನಗೆ ಗೊತ್ತಾಗಲಿಲ್ಲ. ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಡಾಕ್ಟರ್ ಸಾಹೇಬರು ಎಲ್ಲರನ್ನೂ ಪಡಸಾಲೆಗೆ ಕರೆದು, ಮುನ್ಷಿಯ ಕೈಗೆ ತಮ್ಮ ಕೈಬರಹದ ಒಂದು ಕಾಗದ ಕೊಟ್ಟು ಓದಿಸಿದರು. ಮುನ್ಷಿ ಗಂಟಲು ಸರಿಮಾಡಿಕೊಂಡು ಓದಿದರು. ಸೈಕಲ್ ಒಂದು, ಚಾಲೂ ಇದೆ, ಇಂದಿನಿಂದ ನರ್ಸಬಾಯಿಯ ವಶಕ್ಕೆ. ಅಲ್ಲಿ ತಡೆದು, ಕನ್ನಡಕ ಸರಿಪಡಿಸಿಕೊಂಡು, ಕೆಳಗೆ ಸೇರಿಸಿದ್ದ ಎರಡು ಪದಗಳನ್ನೂ ಓದಿದರು: "ಸೀಟು ಸಮೇತ."

ಕಟ್ಟೆಯ ಬಳಿ ಆಗಲೇ ಒಬ್ಬ ಮುದುಕ ಹಳ್ಳಿಯಿಂದ ಬಂದು, ಕೈ ಮುಗಿದುಕೊಂಡು ನನಗಾಗಿ ಕಾಯುತ್ತಿದ್ದ. ನಾನು ಮನೆಯಿಂದ ಪೆಟ್ಟಿಗೆ, ಸೀಟು ಎರಡನ್ನೂ ತಂದು, ಅರಿವೆ ಬಿಚ್ಚಿ ಪೈಪು ಇಳಿಸಿ ಬೋಲ್ಟು ಬಿಗಿದೆ. ಮುನ್ಷಿ ದಫ್ತರ ಚಾಚಿ, "ಇಲ್ಲಿ ದಸ್ತಖತ್ ಮಾಡ್ರಿ ಬಾಯಿ" ಅಂದರು.

"ಬಂದ ಮ್ಯಾಲೆ ಮಾಡ್ತೀನ್ರಿ" ಎಂದು ಪೆಟ್ಟಿಗೆ ಕಟ್ಟಿಕೊಂಡು ಹತ್ತಿ ಹೊರಟೆ.